ಕ್ರೂಸರಿನಲ್ಲಿ ಬಂದ ಕುಬಸ

ತಂಬೂರ
೧೬ ಜೂನ್ ೨೦೨೪

ಪ್ರೀತಿಯ ಶಿವಗಂಗಾ,

ಫೋನಿರುವಾಗ ಈ ವೈನಿ ಯಾಕೆ ಕಾಗದ ಬರೆಯಲು ಕೂತಳು ಎಂದು ನಗಬೇಡ. ನಿನ್ನ ಫೋನು ಬಂದ ಕೂಡಲೇ ನಿಮ್ಮವ್ವ "ಸ್ಪೀಕರ ಹಾಕವಾ ಮಲ್ಲಿಕಾ" ಅನ್ನುತ್ತಾರೆ. ಸ್ಪೀಕರ್ ಹಾಕಿದರೆ ಇಡೀ ಓಣಿ ನಿನ್ನ ಯೋಗಕ್ಷೇಮ ವಿಚಾರಿಸುತ್ತದೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಮನೆಯ ಫೋನು ಯಾವಾಗಲೂ ಮತ್ತೊಬ್ಬರ ಕೈಯಲ್ಲಿ. ಹೀಗಾಗಿ ನನ್ನ ಕುತೂಹಲಕ್ಕೆ ಅಂಚೆಯೇ ಗತಿ.

ಈ ಬೇಸಿಗೆ ನಮ್ಮ ಮನೆ ಬಸ್ ಸ್ಟ್ಯಾಂಡ್ ಆಗಿತ್ತು. ಅಣ್ಣಿಗೇರಿಯಿಂದ ಅಂದಾನೆಪ್ಪ ಕಾಕಾ ಬಂದು ಎಂಟು ದಿನ ಇದ್ದರು. ಕಣ್ಣಿನ ಆಪರೇಷನ್ ಆದ ಮೇಲೆ ಅವರಿಗೆ ಎಲ್ಲವೂ ಹೊಸದು. ನಮ್ಮ ಪಡಸಾಲೆಯ ಗೋಡೆ ಹಳದಿ ಎಂದು ಇಪ್ಪತ್ತು ವರ್ಷದ ಮೇಲೆ ಕಂಡುಹಿಡಿದರು, ಬಣ್ಣ ಚೆನ್ನಾಗಿಲ್ಲ ಎಂದೂ ಹೇಳಿದರು. ಅವರು ಹೋದ ಮರುದಿನ ನಾನು ಮೂವರು ಹೆಂಗಸರನ್ನು ಕೂಡಿಸಿಕೊಂಡು ಹಿಂದಿನ ಪತ್ರಾಸ ಶೆಡ್ಡಿನಲ್ಲಿ ರೊಟ್ಟಿ ಕೇಂದ್ರ ಶುರು ಮಾಡಿದೆ. ಹುಬ್ಬಳ್ಳಿಯ ಖಾನಾವಳಿಗೆ ಖಡಕ್ ರೊಟ್ಟಿ ಹೋಗುತ್ತವೆ. ನಿಮ್ಮಣ್ಣ ಗೋವಿನಜೋಳ ಬಿತ್ತಿ ಮುಗಿಸಿ, ಈಗ ಬಂದು ನನ್ನ ರೊಟ್ಟಿಯ ಅಂಚು ಪರೀಕ್ಷೆ ಮಾಡುತ್ತಾರೆ.

ಇನ್ನು ನಿನ್ನ ವಿಷಯ. ಮೇ ತಿಂಗಳಲ್ಲಿ ನಾಲ್ಕು ದಿನಕ್ಕೆಂದು ಬಂದವಳು ಎರಡೇ ದಿನಕ್ಕೆ ಲಿಂಗಸುಗೂರಿನ ಬಸ್ಸು ಹತ್ತಿದೆ. ಮಾವಿನ ಸೀಕರಣಿ ಮುಟ್ಟಲಿಲ್ಲ. ಮೂರು ಸಲ ನಿಮ್ಮವ್ವನ ಬಾಜು ಕೂತು, ಮೂರು ಸಲವೂ ಬಾಯಿ ತೆರೆದು, ಎಮ್ಮೆ ಎಷ್ಟು ಹಿಂಡುತ್ತದೆ ಎಂದು ಕೇಳಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ಎಮ್ಮೆಯ ಮೇಲೆ ಇಷ್ಟು ಅಕ್ಕರೆ ಯಾವಾಗಿನಿಂದ? ಏನಾಗಿದೆ ಬರೆ. ಪಂಚಮಿಗೆ ಕರೆಯಲು ನಿಮ್ಮಣ್ಣ ಬರುತ್ತಾರೆ.

ನಿನ್ನ ವೈನಿ
ಮಲ್ಲಿಕಾ

ಲಿಂಗಸುಗೂರು
೭ ಜುಲೈ ೨೦೨೪

ವೈನಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಇವರಿಗೂ ಓದಿಸಿದೆ. ಅಂದಾನೆಪ್ಪ ಕಾಕಾನ ಗೋಡೆಯ ಕಥೆಗೆ ಇವರು ಒಂದು ದಿನವೆಲ್ಲ ನಕ್ಕರು. ರೊಟ್ಟಿ ಕೇಂದ್ರದ ಸುದ್ದಿ ಕೇಳಿ ನನಗೆ ಖುಷಿಯಾಯಿತು. ಅದನ್ನು ನೀವು ಹತ್ತು ವರ್ಷದ ಹಿಂದೆಯೇ ಮಾಡಬೇಕಿತ್ತು.

ಮೇ ತಿಂಗಳಲ್ಲಿ ನನಗೆ ಏನೂ ಆಗಿರಲಿಲ್ಲ, ಬಿಸಿಲಿಗೆ ಊಟ ಸೇರಲಿಲ್ಲ ಅಷ್ಟೇ. ಪಂಚಮಿಗೆ ಈ ಸಲ ಬರುವುದಾಗುವುದಿಲ್ಲ. ಅಣ್ಣನಿಗೆ ತೊಂದರೆ ತೆಗೆದುಕೊಳ್ಳಬೇಡ ಎನ್ನಿರಿ. ಶಾಲೆಯಲ್ಲಿ ತಪಾಸಣೆ ಇದೆ.

ಒಂದು ಮಾತು ಕೇಳುವುದಿತ್ತು. ನಮ್ಮ ಮನೆಯ ತೊಟ್ಟಿಲು ಈಗ ಯಾರ ಹತ್ತಿರ ಇದೆ? ವರ್ಷ ಮುಗಿಯುವುದರೊಳಗೆ ನಮಗೆ ಬೇಕಾಗಬಹುದು. ಅವ್ವನಿಗೆ ಸದ್ಯ ಹೇಳಬೇಡಿರಿ.

ನಿಮ್ಮ
ಶಿವಗಂಗಾ

ಲಿಂಗಸುಗೂರು
೭ ಜುಲೈ ೨೦೨೪
(ಬರೆದು ಕಳಿಸದೆ ಉಳಿದದ್ದು)

ವೈನಿ,

ಮೇಲಿನ ಕಾಗದದಲ್ಲಿ ತಪಾಸಣೆ ಸುಳ್ಳು. ನಾವು ದತ್ತು ಮಗುವಿಗಾಗಿ ಹೆಸರು ಹಚ್ಚಿ ನಾಲ್ಕು ವರ್ಷವಾಯಿತು. ಈಗ ನಮ್ಮ ಸರದಿ ಹತ್ತಿರ ಬಂದಿದೆ ಎನ್ನುತ್ತಾರೆ. ಕರೆ ಯಾವ ದಿನವಾದರೂ ಬರಬಹುದು, ಅದಕ್ಕೇ ಊರು ಬಿಟ್ಟು ಹೋಗಲು ಮನಸ್ಸಿಲ್ಲ. ಹದಿಮೂರು ವರ್ಷ ಆಸ್ಪತ್ರೆ ತಿರುಗಿ ನಾನು ದಣಿದಿದ್ದೇನೆ ವೈನಿ, ನನಗೆ ನಲವತ್ತು ತುಂಬಿತು.

ಮೇ ತಿಂಗಳಲ್ಲಿ ಇದನ್ನು ಹೇಳಲೆಂದೇ ಬಂದಿದ್ದೆ. ಅವ್ವ ಅಕ್ಕಿ ಹಸನು ಮಾಡುತ್ತಾ ದೇವಿಕೊಪ್ಪದ ಯಾರೋ ಮಗುವನ್ನು ದತ್ತು ತಂದ ಸುದ್ದಿ ಹೇಳುತ್ತಿದ್ದಳು. "ಚಲೋ ಮಾಡಿದ್ರು ಖರೆ. ಆದ್ರ ಯಾರ ರಕ್ತನೋ ಏನೋ. ಹೊರಗಿನ ಕೂಸು ಹೊರಗಿಂದಽ" ಅಂದಳು. ಸಿಟ್ಟಿನಿಂದ ಅನ್ನಲಿಲ್ಲ, ಕೈಗೆ ಸಿಕ್ಕ ಹರಳು ಆರಿಸಿ ಎಸೆಯುತ್ತ ಅಂದಳು. ನಾನು ಎಮ್ಮೆಯ ಹಾಲಿನ ಮಾತು ತೆಗೆದೆ.

ತೊಟ್ಟಿಲನ್ನು ನಮ್ಮ ಮನೆಯವರು ಕೇಳಿದವರಿಗೆಲ್ಲ ಕೊಡುತ್ತಾರೆ. ಆದರೆ ಮನೆಯ ಕೂಸಿಗೆ ಮಾತ್ರ ಅವ್ವ ತಾನೇ ನಿಂತು ತೂಗುತ್ತಾಳೆ. ನಿಮ್ಮ ಮಕ್ಕಳಿಗೆ ತೂಗಿದಳು. ನನ್ನ ಮಗುವಿಗೆ ತೂಗುತ್ತಾಳೋ ಇಲ್ಲವೋ, ನನ್ನ ಮಗುವಿಗೆ ಒಬ್ಬ ಅಜ್ಜಿ ಇರುತ್ತಾಳೋ ಇಲ್ಲವೋ, ಅದಷ್ಟೇ ನನಗೆ ಗೊತ್ತಾಗಬೇಕಿರುವುದು. ಕೇಳಲು ಧೈರ್ಯವಿಲ್ಲ.

ತಂಬೂರ
೧೮ ಜುಲೈ ೨೦೨೪

ಪ್ರೀತಿಯ ಶಿವಗಂಗಾ,

ತೊಟ್ಟಿಲು ನಮ್ಮ ಓಣಿಯ ಬಾಷಾಬಿಯ ಮನೆಯಲ್ಲಿದೆ. ಅವಳ ಮೊಮ್ಮಗ ಈಗ ಅದರಿಂದ ಹೊರಗೆ ಇಣುಕುತ್ತಾನೆ, ಇನ್ನೆರಡು ತಿಂಗಳಿಗೆ ತಾನೇ ಇಳಿದು ಓಡುತ್ತಾನೆ. ಕಲಘಟಗಿಯ ಬಣ್ಣ, ಎಷ್ಟು ಮಕ್ಕಳು ಕಚ್ಚಿದರೂ ಹೋಗಿಲ್ಲ. ದಸರಾಕ್ಕೆ ಮನೆಗೆ ತರಿಸುತ್ತೇನೆ.

ನೀನು ಬರೆಯದಿದ್ದರೂ ನನಗೆ ಎಲ್ಲ ತಿಳಿಯಿತು. ಪಂಚಮಿಗೆ ಯಾಕೆ ಬರುವುದಿಲ್ಲ ಎಂಬುದೂ ತಿಳಿಯಿತು. ಇಂಥದ್ದಕ್ಕೆ ಬೇಗ ಕಣ್ಣು ತಾಗುತ್ತದೆ. ಆದ್ದರಿಂದ ನಾನು ಕೇಳುವುದಿಲ್ಲ, ನೀನು ಬರೆಯಬೇಡ. ಕೂಸು ಕೈಗೆ ಬಂದ ದಿನ ಎಲ್ಲ ಮಾತಾಡೋಣ. ಇಷ್ಟಕ್ಕೇ ಪೆನ್ನು ನಿಲ್ಲಿಸುವುದು ನನಗೆ ಎಷ್ಟು ಕಷ್ಟ ಎಂದು ದೇವರಿಗೆ ಗೊತ್ತು, ಕೇಳಬೇಕಾದ ಪ್ರಶ್ನೆಗಳು ಹತ್ತಾದರೂ ಇವೆ.

ನಮ್ಮೂರ ದಾನೀಶ್ ತನ್ನ ಕ್ರೂಸರ್ ಗಾಡಿಯಲ್ಲಿ ಗೋವಿನಜೋಳದ ಬೀಜದ ಚೀಲ ಹಾಕಿಕೊಂಡು ಆ ಕಡೆ ಬರುತ್ತಾನೆ. ಅವನ ಕೈಯಲ್ಲಿ ಒಂದು ಡಬ್ಬಿ ಹುಣಸೆ ಚಿಗಳಿ, ಒಂದು ಭರಣಿ ಮಾವಿನ ಉಪ್ಪಿನಕಾಯಿ ಕಳಿಸಿದ್ದೇನೆ. ಮನಸ್ಸಾದಾಗ ತಿನ್ನು.

ನಿನ್ನ ವೈನಿ
ಮಲ್ಲಿಕಾ

ಲಿಂಗಸುಗೂರು
೪ ಆಗಸ್ಟ್ ೨೦೨೪

ವೈನಿಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನೀವು ಇಷ್ಟು ಸುಲಭವಾಗಿ ತಿಳಿದುಕೊಂಡು ಇಷ್ಟು ಸುಲಭವಾಗಿ ಒಪ್ಪುತ್ತೀರಿ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇವರೇ ಅಣ್ಣನ ಕಿವಿಗೆ ಹಾಕಿರಬೇಕು. ಕೇಳಿದರೆ ಇಲ್ಲ ಎನ್ನುತ್ತಾರೆ. ಏನೇ ಇರಲಿ, ಮೂರು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು.

ಅವ್ವನಿಗೆ ಹೇಳುವ ಕೆಲಸವನ್ನೂ ನಿಮಗೇ ಬಿಡುತ್ತೇನೆ. ನನ್ನ ಬಾಯಿಂದ ಆಗುವುದಿಲ್ಲ. ಅವಳು ಒಳ್ಳೆಯ ಮನಸ್ಸಿನಲ್ಲಿರುವಾಗ ಮೆಲ್ಲಗೆ ಹೇಳಿರಿ. ಹೇಳಿದಾಗ ಅವಳ ಮುಖ ಹೇಗಿತ್ತು ಎಂದು ಬರೆಯಿರಿ, ಏನನ್ನೂ ಮುಚ್ಚಿಡಬೇಡಿರಿ.

ಚಿಗಳಿ ನಾಲ್ಕು ದಿನಕ್ಕೇ ಮುಗಿಯಿತು. ಹೆಚ್ಚಿನದೆಲ್ಲ ತಿಂದವರು ಇವರು.

ನಿಮ್ಮ
ಶಿವಗಂಗಾ

ತಂಬೂರ
೧ ಸೆಪ್ಟೆಂಬರ್ ೨೦೨೪

ಪ್ರೀತಿಯ ಶಿವಗಂಗಾ,

ಹೇಳಿದೆ. ಗುರುವಾರ ಮುಂಜಾನೆ, ಎಮ್ಮೆ ಹಿಂಡಿ ಬಂದು ಚಹಾ ಕುಡಿಯುತ್ತಿದ್ದಾಗ. ಮುಖ ಹೇಗಿತ್ತು ಎಂದು ಕೇಳಿದೆಯಲ್ಲ, ಚಹಾದ ಕಪ್ಪು ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ಹೀಗಾಗಿ ನನಗೆ ಕಾಣಲಿಲ್ಲ. ಸೆರಗು ತೆಗೆದಾಗ ಕಣ್ಣು ಒದ್ದೆಯಾಗಿದ್ದವು. "ಮೇದಾಗ ಊಟ ಸೇರಲಿಲ್ಲ ಅಕಿಗೆ, ನಾ ಆವಾಗ ತಿಳ್ಕೋಬೇಕಿತ್ತು" ಅಂದರು.

ಅಂದಿನಿಂದ ಮನೆ ಬದಲಾಗಿದೆ. ದಿನಾ ಸಂಜೆ ಹೆಚ್ಚಿನ ದೀಪ ಹಚ್ಚುತ್ತಾರೆ. ಬೆರಳು ಮಡಚಿ ಏನೋ ಎಣಿಸುತ್ತಾರೆ. ನಿನಗೆ ಫೋನ್ ಮಾಡಿದಾಗ ಈ ಮಾತು ತೆಗೆಯಬಾರದು, ವಿಡಿಯೋ ಕಾಲ್ ಅಂತೂ ಮಾಡಲೇಬಾರದು ಎಂದು ಕಟ್ಟಪ್ಪಣೆ. ದೃಷ್ಟಿ ತಾಗುತ್ತದಂತೆ.

ಮಹಾನವಮಿ ಅಮಾವಾಸ್ಯೆ ಮುಗಿದ ಮೇಲಿನ ಭಾನುವಾರ ನೀವಿಬ್ಬರೂ ಮನೆಯಲ್ಲೇ ಇರಿ. ಯಾಕೆಂದು ಕೇಳಬೇಡ. ಕೇಳದೆ ಇರುವುದು ಎಷ್ಟು ಕಷ್ಟ ಎಂದು ನಿನಗೂ ಗೊತ್ತಾಗಲಿ.

ನಿನ್ನ ವೈನಿ
ಮಲ್ಲಿಕಾ

ಲಿಂಗಸುಗೂರು
೨೮ ಸೆಪ್ಟೆಂಬರ್ ೨೦೨೪

ವೈನಿಯವರಿಗೆ ನಮಸ್ಕಾರ.

ಗುರುವಾರ ಮಗು ಮನೆಗೆ ಬರುತ್ತಾಳೆ. ಹೆಣ್ಣು ಮಗು, ಹದಿನಾಲ್ಕು ತಿಂಗಳು. ಹೆಸರು ಜ್ಯೋತ್ಸ್ನಾ, ಕೇಂದ್ರದವರು ಇಟ್ಟದ್ದು. ಗೋಡೆ ಹಿಡಿದು ನಿಲ್ಲುತ್ತಾಳೆ. ಮೊದಲ ಸಲ ನೋಡಲು ಹೋದಾಗ ನನ್ನ ಕನ್ನಡಕ ಕಿತ್ತುಕೊಂಡು ತಿರುಗಿ ಕೊಡಲಿಲ್ಲ. ಕಾಗದಪತ್ರದ ಕೆಲಸ ಇನ್ನೂ ಉಳಿದಿದೆ, ಆದರೆ ಗುರುವಾರದಿಂದ ಅವಳು ನಮ್ಮ ಮನೆಯಲ್ಲಿ ಇರುತ್ತಾಳೆ.

ಫೋನ್ ಮಾಡಬೇಕೆಂದು ಕೈಗೆ ತೆಗೆದುಕೊಂಡೆ, ಸ್ಪೀಕರ್ ನೆನಪಾಗಿ ಇಟ್ಟೆ. ಭಾನುವಾರ ಅವ್ವ ಬರುತ್ತಾಳೆ ಎಂದು ನನಗೆ ತಿಳಿಯುವುದಿಲ್ಲವೇ? ನೀವೂ ಬನ್ನಿರಿ. ಅವ್ವನ ತೊಡೆಯ ಮೇಲೆ ಮಗುವನ್ನು ನಾನೇ ಇಡಬೇಕು.

ಶಿವಗಂಗಾ

ಲಿಂಗಸುಗೂರು
೮ ಅಕ್ಟೋಬರ್ ೨೦೨೪

ವೈನಿ,

ನೀವು ಬುತ್ತಿಯ ಗಂಟು ಹೊತ್ತುಕೊಂಡು ನೇರ ಅಡುಗೆಮನೆಗೆ ಹೋದಿರಿ. ಆದ್ದರಿಂದ ಹೊರಗೆ ಏನಾಯಿತು ಎಂದು ನಿಮಗೆ ಪೂರ್ತಿ ಗೊತ್ತಿಲ್ಲ. ಅರ್ಧ ಇವರಿಂದ ಕೇಳಿದ್ದು, ಅರ್ಧ ನಾನೇ ಕಂಡದ್ದು. ಬರೆಯುತ್ತೇನೆ.

ನಾನು ಔಷಧಿ ಅಂಗಡಿಗೆ ಹೋಗಿದ್ದೆ. ಇವರು ಬಾಗಿಲು ತೆರೆದಾಗ ಕ್ರೂಸರಿನಿಂದ ಹನ್ನೊಂದು ಜನ ಇಳಿದರಂತೆ, ಕೈಯಲ್ಲಿ ಹಸಿರು ಸೀರೆ, ಹೂವು; ಜೊತೆಗೆ ಬಳೆಗಾರ್ತಿ ಶಮೀಮಾಬಿ, ಬಳೆಯ ಬುಟ್ಟಿಯ ಸಮೇತ. ಏಳು ತಿಂಗಳ ಬಸುರಿಗೆ ತವರಿನವರು ಮಾಡುವ ಕುಬಸ ಇದು ಎಂದು ಇವರಿಗೆ ಹೊಳೆಯಲಿಲ್ಲ. ಮಗು ನೋಡಲು ಇಷ್ಟು ಸಂಭ್ರಮದಿಂದ ಬಂದರಲ್ಲ ಎಂದು ಹಿಗ್ಗಿ, ಮಗುವನ್ನು ಅವ್ವನ ಕೈಗೆ ಕೊಟ್ಟು ನೀರು ತರಲು ಒಳಗೆ ಹೋದರು. ಅವ್ವ ಅದನ್ನು ಬಾಜು ಮನೆಯವರ ಕೂಸು ಎಂದು ತಿಳಿದಳು.

ನಾನು ಬರುವ ಹೊತ್ತಿಗೆ ಅರ್ಧ ತಾಸಾಗಿತ್ತು. ಅವ್ವ ಹೋಳಿಗೆಯ ಚೂರನ್ನು ತುಪ್ಪದಲ್ಲಿ ಅದ್ದಿ ಮಗುವಿಗೆ ನೆಕ್ಕಿಸುತ್ತಿದ್ದಳು. ನನ್ನನ್ನು ನೋಡಿದಳು. ವೈನಿ, ಅವಳ ಕಣ್ಣು ಮೊದಲು ನನ್ನ ಮುಖಕ್ಕೆ ಬರಲಿಲ್ಲ, ಹೊಟ್ಟೆಗೆ ಬಂತು. ಅಲ್ಲೇ ನಿಂತಿತು. ಆಗ ನನಗೆ ಹಸಿರು ಸೀರೆಯೂ ಕಂಡಿತು, ಬಳೆಯೂ ಕಂಡವು, ಎಲ್ಲವೂ ತಿಳಿಯಿತು.

"ಯಾರ ಕೂಸಬೇ ಇದು?" ಅಂದಳು.

"ನಂದು ಅವ್ವಾ. ದತ್ತಕ ತಗೊಂಡೇವಿ. ಗುರುವಾರ ತಂದ್ವಿ."

ಅವ್ವ ಮಗುವಿನ ಬಾಯಿ ಒರೆಸಿ, ಅದನ್ನು ನನ್ನ ಕೈಗೆ ಕೊಟ್ಟು, ಗಾಡಿ ತೆಗೆಯಲು ದಾನೀಶನಿಗೆ ಹೇಳಿ, ಹೋಗಿ ಗಾಡಿಯೊಳಗೆ ಕೂತಳು. ನಾನು ಗಾಡಿಯ ಕಿಟಕಿಯ ತನಕ ಹೋದೆ. ಅವಳು ಈ ಕಡೆ ನೋಡಲಿಲ್ಲ.

ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಈಗ ಇಲ್ಲ. ಚಿಗಳಿಯ ಡಬ್ಬಿ ಬಂದಾಗಲೇ ನನಗೆ ತಿಳಿಯಬೇಕಿತ್ತು. ತಿಳಿಯದ ಹಾಗೆ ಇದ್ದೆ, ಯಾಕೆಂದರೆ ಹಾಗಿದ್ದರೆ ನನಗೆ ಸುಲಭವಾಗಿತ್ತು. ಆದರೆ ಒಂದನ್ನು ಹೇಳಿರಿ. ಆರು ತಾಸಿನ ದಾರಿಯಲ್ಲಿ ಅವಳು ಏನು ಅಂದಳು?

ಶಿವಗಂಗಾ

ತಂಬೂರ
೧೭ ಅಕ್ಟೋಬರ್ ೨೦೨೪

ಪ್ರೀತಿಯ ಶಿವಗಂಗಾ,

ನಿನ್ನ ಸೆಪ್ಟೆಂಬರಿನ ಕಾಗದ ನಾವು ತಿರುಗಿ ಬಂದ ಮರುದಿನ ಸೋಮವಾರ ಬಂತು. ಪೋಸ್ಟಮನ್ ಬೀರಲಿಂಗಪ್ಪ ಅದನ್ನು ಕೊಟ್ಟು "ಎಲ್ಲಾ ಆರಾಮಲ್ರಿ?" ಅಂದ. ಅವನೆದುರು ನಾನು ಅತ್ತುಬಿಟ್ಟೆ, ಪಾಪ ಹೆದರಿ ಸೈಕಲ್ ಬಿಟ್ಟು ಓಡುವುದೊಂದು ಉಳಿದಿತ್ತು.

ತಪ್ಪು ನನ್ನದು, ಸಣ್ಣದಲ್ಲ. ನೀನು ಎಲ್ಲಿಯೂ ಬಸುರಿ ಎಂದು ಬರೆದಿರಲಿಲ್ಲ. ನಾನು ತೊಟ್ಟಿಲು ನೋಡಿ ಹೊಟ್ಟೆ ಕಂಡೆ. ಅತ್ತೆ "ಅಕೀನಽ ಬರದಾಳೇನು?" ಎಂದು ಕೇಳಿದಾಗ "ಹೌದ್ರಿ" ಅಂದುಬಿಟ್ಟೆ. ನನ್ನ ಊಹೆ ಎಂದು ಹೇಳಲು ನಾಲಿಗೆ ಬರಲಿಲ್ಲ, ಅಷ್ಟು ಹಿಗ್ಗಿದ್ದರು ಅವರು. ಇದನ್ನು ಈಗ ಅವರಿಗೂ ಹೇಳಿದ್ದೇನೆ. ಕೇಳಿಸಿಕೊಂಡು ಎದ್ದು ಹೋದರು.

ದಾರಿಯಲ್ಲಿ ಏನು ಅಂದರು ಎಂದು ಕೇಳಿದೆ. ಏನೂ ಅನ್ನಲಿಲ್ಲ. ಗದಗಿನಲ್ಲಿ ದಾನೀಶ್ ಚಹಾಕ್ಕೆ ನಿಲ್ಲಿಸಿದ, ಎಲ್ಲರೂ ಇಳಿದರು, ಅವರು ಇಳಿಯಲಿಲ್ಲ. ಸೆರಗಿಗೆ ಮಗುವಿನ ಜೊಲ್ಲೂ ತುಪ್ಪವೂ ಹತ್ತಿತ್ತು, ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮನೆಗೆ ಬಂದ ಮೇಲೆ ಒಗೆಯಲು ಆ ಸೀರೆ ಕೇಳಿದರೆ ಕೊಡಲಿಲ್ಲ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮೂರನೆಯ ದಿನ ತಾವೇ ಬಾಷಾಬಿಯ ಮನೆಗೆ ಹೋಗಿ ತೊಟ್ಟಿಲು ತರಿಸಿದರು. ಒಳಗಿನ ಕೋಣೆಯಲ್ಲಿ ಇಟ್ಟು ಕೀಲಿ ಹಾಕಿದರು, ಕೀಲಿಕೈ ಸೊಂಟಕ್ಕೆ ಸಿಗಿಸಿಕೊಂಡರು. ನಿನ್ನೆ ಶಮೀಮಾಬಿಯ ಮಗಳ ಹೆರಿಗೆಯಾಯಿತು, ತೊಟ್ಟಿಲು ಕೇಳಲು ಬಂದಿದ್ದಳು. "ಇನ್ನ ಆ ತೊಟ್ಟಲಾ ಕೊಡಾಂಗಿಲ್ಲ" ಎಂದು ಕಳಿಸಿದರು. ನಾನು ಈ ಮನೆಗೆ ಬಂದ ಮೇಲೆ ತೊಟ್ಟಿಲು ಕೇಳಿದವರಿಗೆ ಇಲ್ಲ ಎಂದದ್ದು ಇದೇ ಮೊದಲು. ಸಿಟ್ಟು ಎಷ್ಟಿದೆ ಎಂದು ನೀನೇ ತಿಳಿದುಕೋ. ಮುಚ್ಚಿಡಬೇಡ ಎಂದು ನೀನು ಹೇಳಿದ್ದಕ್ಕೆ ಬರೆದೆ.

ಮಗು ಆರಾಮವೇ? ನಾನು ಅವಳನ್ನು ಎತ್ತಿಕೊಳ್ಳಲೂ ಇಲ್ಲ.

ಮಲ್ಲಿಕಾ

ಲಿಂಗಸುಗೂರು
೨೨ ಅಕ್ಟೋಬರ್ ೨೦೨೪

ವೈನಿ,

ಕೀಲಿ ಹಾಕಿದ್ದು ಒಳ್ಳೆಯದಾಯಿತು, ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಮಗು ಚಾಪೆಯ ಮೇಲೆ ಮಲಗುತ್ತಾಳೆ, ಚೆನ್ನಾಗಿಯೇ ಮಲಗುತ್ತಾಳೆ. ತೊಟ್ಟಿಲು ಬೇಡ. ದೀಪಾವಳಿಗೂ ನಾವು ಬರುವುದಿಲ್ಲ.

ಇಷ್ಟು ಬರೆದು ಕಾಗದ ಮಡಚಿದ್ದೆ. ಮತ್ತೆ ಬಿಚ್ಚಿದ್ದೇನೆ. ಇವಳು ಹೊಸಬರು ಬಂದರೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಾಳೆ. ಕೋಣೆಯೊಳಗೆ ಎಲ್ಲಿದ್ದರೂ "ಜ್ಯೋತ್ಸ್ನಾ" ಎಂದರೆ ಮಾತ್ರ ತಟ್ಟನೆ ಹೊರಳಿ ನೋಡುತ್ತಾಳೆ. ಆದರೆ ಆ ದಿನ ಅವ್ವನ ತೊಡೆಯ ಮೇಲೆ ಅರ್ಧ ತಾಸು ಕೂತಿದ್ದಳಲ್ಲ, ಅಳಲೇ ಇಲ್ಲ. ಅದು ನನಗೆ ಮರೆಯಲಾಗುತ್ತಿಲ್ಲ.

ಅವ್ವನಿಗೆ ಒಂದು ಮಾತು ಹೇಳಿರಿ. ಕಾಗದಪತ್ರ ಪೂರ್ತಿಯಾಗುವಾಗ ಹೆಸರು ಬದಲಿಸಲು ಬರುತ್ತದೆ. ಅವ್ವನ ತಾಯಿ ನೀಲವ್ವನ ಹೆಸರನ್ನೇ ಇಡುತ್ತೇವೆ. ಅವಳ ತಾಯಿಯ ಹೆಸರು ಹೊತ್ತ ಮೇಲಾದರೂ ಹೊರಗಿನ ಕೂಸು ಎನ್ನಲಿಕ್ಕಿಲ್ಲ. ನಾನು ಇನ್ನು ಹೇಗೆ ಕೇಳಬೇಕು ಎಂದು ನನಗೆ ಗೊತ್ತಿಲ್ಲ.

ಶಿವಗಂಗಾ

ತಂಬೂರ
೨೮ ಅಕ್ಟೋಬರ್ ೨೦೨೪

ಪ್ರೀತಿಯ ಶಿವಗಂಗಾ,

ನಿನ್ನ ಕಾಗದ ಶುಕ್ರವಾರ ಬಂತು. ಮೊದಲಿನಿಂದ ಕೊನೆಯ ತನಕ ನಿಮ್ಮವ್ವನಿಗೆ ಓದಿ ಹೇಳಿದೆ, ಹೊರಗಿನ ಕೂಸು ಎಂಬ ಮಾತನ್ನೂ ಬಿಡಲಿಲ್ಲ. ಆಮೇಲೆ ಪೆನ್ನು ತಾ, ನಾ ಅಂದಂಗ ಬರಿ ಅಂದರು. ಅವರು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ.

"ನಲವತ್ತರಾಗ ಚೊಚ್ಚಲ ಹಡಿಯಾಕಿ ಉಳದು ಬರಲಿ ಅಂತ ನಾ ದಿನಾ ದೀಪಾ ಹಚ್ಚೇನಿ. ಅಂಜಿ ಅಂಜಿ ಸತ್ತೇನಿ. ಒಂದ ಮಾತ ಮೊದಲಽ ಹೇಳಿದ್ರ ನಾ ನಿದ್ದಿ ಮಾಡತಿದ್ದೆ. ಸಿಟ್ಟ ಬಂದಿತ್ತು, ಇಲ್ಲಂತ ಅನ್ನಾಂಗಿಲ್ಲ. ಕೂಸಿನ ಮ್ಯಾಲಲ್ಲ, ಮಗಳ ಮ್ಯಾಲ.

"ಹೊರಗಿನ ಕೂಸು ಅಂತ ಅಂದಿದ್ದೆ ಖರೆ. ಆವಾಗ ಅಂಥಾ ಯಾವ ಕೂಸೂ ನನ್ನ ತೊಡಿ ಮ್ಯಾಲ ಕುಂತಿರಲಿಲ್ಲ."

ಇಲ್ಲಿ ನಾನು ಬರೆಯುವುದನ್ನು ನಿಲ್ಲಿಸಿ, ಹಾಗಾದರೆ ತೊಟ್ಟಿಲಿಗೆ ಯಾಕೆ ಕೀಲಿ ಹಾಕಿದಿರಿ ಎಂದು ಕೇಳಿದೆ. ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. ಮನೆಗೇ ಬೇಕಾಗಿರುವಾಗ ಮಂದಿಗೆ ಹೇಗೆ ಕೊಡಲಿ ಅಂದರು. ಹದಿನಾಲ್ಕು ತಿಂಗಳ ಮಗುವಿನ ಕಾಲು ಅದರಿಂದ ಹೊರಗೆ ಬರುತ್ತವೆ ಅಂದೆ. ಬರಲಿ, ತೂಗುವವಳು ನಾನು, ನಿನಗೇನು ತ್ರಾಸ ಅಂದರು. ನಾನು ಎರಡನೆಯ ಸಲ ತಪ್ಪು ಓದಿ, ಆ ತಪ್ಪನ್ನು ನಿನಗೂ ಅಂಟಿಸಿದ್ದೆ. ಇನ್ನು ಮೇಲೆ ಈ ಮನೆಯಲ್ಲಿ ಏನನ್ನೇ ಆಗಲಿ ಬಾಯಿ ಬಿಟ್ಟು ಕೇಳುತ್ತೇನೆ, ಕಣ್ಣು ತಾಗಿದರೆ ತಾಗಲಿ.

ಹೆಸರಿನ ಮಾತನ್ನು ನನ್ನಿಂದ ಮತ್ತೊಮ್ಮೆ ಓದಿಸಿದರು. ಅವರ ತಾಯಿಯ ಹೆಸರಲ್ಲವೇ, ಕೇಳಿ ಕಣ್ಣು ತುಂಬಿಕೊಂಡಿದ್ದರು. ಆಮೇಲೆ ಇದನ್ನು ಸರಿಯಾಗಿ ಬರಿ ಎಂದು ಎರಡು ಸಲ ಹೇಳಿದರು.

"ಹೆಸರ ಬದಲ ಮಾಡಬ್ಯಾಡ ಅನ್ನು. ಅದಕ್ಕ ಮನಿ ಬದಲಾಗೇತಿ, ಮಂದಿ ಬದಲಾಗ್ಯಾರ, ಹಾಸಿಗಿ ಬದಲಾಗೇತಿ. ಹೆಸರೊಂದರ ಮೊದಲಿಂದಽ ಇರಲಿ. ನೀಲವ್ವ ಅಂತ ಕರದ್ರ, ಯಾರನ್ನ ಕರ್ಯಾಕ ಹತ್ಯಾರ ಅಂತ ಕೂಸು ತನ್ನ ಹಿಂದ ಹೊಳ್ಳಿ ನೋಡತೈತಿ."

ದೀಪಾವಳಿಗೆ ನೀವು ಬರುವುದು ಬೇಡವಂತೆ. ಸಣ್ಣ ಮಗುವನ್ನು ಪಟಾಕಿಯ ಸಪ್ಪಳದಲ್ಲಿ ತರಬಾರದು ಎನ್ನುತ್ತಾರೆ. ಪಾಡ್ಯದ ಮರುದಿನ ಭಾನುವಾರ ತಾವೇ ಬರುತ್ತಾರೆ, ದಾನೀಶನ ಗಾಡಿಯಲ್ಲಿ, ತೊಟ್ಟಿಲನ್ನು ಮೇಲೆ ಕಟ್ಟಿಸಿಕೊಂಡು. ಈ ಸಲ ಹನ್ನೊಂದು ಜನ ಇಲ್ಲ. ಮಗು ಬಾಗಿಲ ಹಿಂದೆ ಹೋಗುತ್ತದೆ ಎಂದು ಬರೆದಿದ್ದೆಯಲ್ಲ, ಅದಕ್ಕೆ. ನಾನೂ ಬರಲೇ ಎಂದು ಕೇಳಿದೆ. ಮುಂದಿನ ಸಲ ಅಂದರು. ನನಗೆ ಹೊಟ್ಟೆಕಿಚ್ಚಾಯಿತು, ಆದರೆ ಶಿಕ್ಷೆ ಸರಿಯಾಗಿಯೇ ಇದೆ.

ಒಂದೇ ತೊಂದರೆ. ಆ ಹೆಸರು ಅವರ ನಾಲಿಗೆಗೆ ಹೊರಳುವುದಿಲ್ಲ. ಜೋಸನಾ ಎನ್ನುತ್ತಾರೆ, ಜೋತಸನಾ ಎನ್ನುತ್ತಾರೆ. ಮೂರು ದಿನದಿಂದ ರೊಟ್ಟಿ ಶೆಡ್ಡಿನಲ್ಲಿ ಬಂದು ಕೂತು, ಬಡಿಯುವ ಹೆಂಗಸರಿಂದ ಹೇಳಿಸಿಕೊಂಡು ಹೇಳಿಸಿಕೊಂಡು ಕಲಿಯುತ್ತಿದ್ದಾರೆ. ಅವರ ಪಾಠದಲ್ಲಿ ನಮ್ಮ ರೊಟ್ಟಿ ಕರಕಾಗುತ್ತಿವೆ. ನೋಡಲಾರದೆ ನಿನ್ನೆ ನಾನೇ ಅಂದೆ, ಇಷ್ಟ್ಯಾಕ ಒದ್ದಾಡ್ತೀರಿ ಅತ್ತಿ, ಸುಮ್ಮ ಕೂಸು ಅಂತ ಕರೀರಿ.

"ಕೂಸು ಅಂತ ಊರಾಗಿನ ಎಲ್ಲಾ ಕೂಸಿಗೂ ಕರದೇನಿ. ಇದನ್ನ ಇದರ ಹೆಸರಲೆ ಕರದ್ರಽ ಇದು ನನ್ನ ಕಡೆ ನೋಡೂದು" ಅಂದರು.

ನಿನ್ನ ವೈನಿ
ಮಲ್ಲಿಕಾ